ಓರೆಯಾಗಿ ಬಿದ್ದ ಕಲ್ಲು, ದುಂಡಾದ ಕುಳಿ

ಸುಮಾರು ನಲವತ್ತು ವರ್ಷಗಳ ಹಿಂದಿನ ಮಾತು. ಎಂಟನೆಯ ತರಗತಿಯ ಮಕ್ಕಳಿಗೆ ನಾನು ಚಂದ್ರನ ಪಾಠ ಹೇಳುತ್ತಿದ್ದೆ. ಪಠ್ಯಪುಸ್ತಕದಲ್ಲಿ ಚಂದ್ರನ ಕುಳಿಗಳ ವಿಚಾರ ಒಂದೇ ವಾಕ್ಯದಲ್ಲಿ ಮುಗಿದುಹೋಗಿದ್ದಿತು. ಅಷ್ಟಕ್ಕೇ ಬಿಡಲು ಮನಸ್ಸೊಪ್ಪದೆ, ಪ್ರಸಾದ ನಿಲಯದ ಅಡುಗೆಮನೆಯಿಂದ ಅಗಲವಾದ ಪರಾತವೊಂದನ್ನು ತರಿಸಿ, ನಾಲ್ಕು ಬೆರಳು ದಪ್ಪಕ್ಕೆ ಒಲೆಯ ಬೂದಿಯನ್ನು ಹರವಿ, ಅದರ ಮೇಲೆ ತೆಳ್ಳಗೆ ಜೋಳದ ಹಿಟ್ಟನ್ನು ಉದುರಿಸಿ, ಎತ್ತರದಿಂದ ಗೋಲಿಗಳನ್ನು ಬೀಳಿಸಿ ತೋರಿಸಿದೆ. ಗೋಲಿ ಬಿದ್ದಲ್ಲೆಲ್ಲ ದುಂಡನೆಯ ತಗ್ಗು, ಅದರ ಸುತ್ತ ಎದ್ದುನಿಂತ ಏರಿ, ಬಿಳಿಯ ಹಿಟ್ಟಿನ ಮೇಲೆ ಬೂದುಬಣ್ಣದ ಗೆರೆಗಳು. ಮಕ್ಕಳು ಬೆರಗಾದರು. ನನಗೂ ಒಳಗೊಳಗೇ ಹೆಮ್ಮೆಯೆನಿಸಿತು.

ಆಗ ಹಿಂದಿನ ಸಾಲಿನ ಹುಡುಗನೊಬ್ಬ ಎದ್ದುನಿಂತು, “ಸರ್, ಕಲ್ಲುಗಳು ಎಲ್ಲ ದಿಕ್ಕಿನಿಂದಲೂ ಬರ್ತಾವಲ್ಲ, ಕೆಲವಾದರೂ ಓರೆಯಾಗಿ ಬೀಳಬೇಕಲ್ಲ? ಚಿತ್ರದೊಳಗ ಎಲ್ಲಾ ಕುಳಿ ದುಂಡಗೇ ಅದಾವಲ್ಲ?” ಎಂದು ಕೇಳಿದ. ಕೇಳಿದ್ದಷ್ಟೇ ಅಲ್ಲ, ಮುಂದೆ ಬಂದು ಗೋಲಿಯೊಂದನ್ನು ತೆಗೆದುಕೊಂಡು ಪಕ್ಕದಿಂದ ಬೀಸಿ ಎಸೆದ. ಹಿಟ್ಟಿನ ಮೇಲೆ ಮೊಟ್ಟೆಯಾಕಾರದ ಉದ್ದನೆಯ ಗೀರು ಬಿದ್ದಿತು. ಚಂದ್ರನ ಚಿತ್ರದಲ್ಲಿ ಅಂಥದೊಂದೂ ಕಾಣದು. ನನಗೆ ಉತ್ತರ ಗೊತ್ತಿರಲಿಲ್ಲ. ಗೊತ್ತಿಲ್ಲವೆಂದು ಹೇಳುವ ಧೈರ್ಯವೂ ಇರಲಿಲ್ಲ. “ಚಂದ್ರನ ಆಕರ್ಷಣೆಯಿಂದ ಎಲ್ಲವೂ ನೆಟ್ಟಗೇ ಬೀಳುತ್ತವೆ” ಎಂದುಬಿಟ್ಟೆ. ಹುಡುಗ ಸುಮ್ಮನೆ ಕುಳಿತ. ನಾನು ಹೇಳಿದ್ದು ತಪ್ಪು. ಉಲ್ಕಾಕಾಯಗಳು ಚಂದ್ರನ ಮೇಲೆ ಯಾವ ಕೋನದಲ್ಲಿ ಬೇಕಾದರೂ ಬಂದು ಅಪ್ಪಳಿಸಬಹುದು; ಅತ್ಯಂತ ಹೆಚ್ಚಾಗಿ ಬರುವುದು 45 ಅಂಶಗಳ ಓರೆಯಲ್ಲಿ.

ಸ್ಮರಣ ಸಂಚಿಕೆಗೆ ಏನಾದರೂ ಬರೆದುಕೊಡಬೇಕೆಂದು ಸಂಪಾದಕ ಮಿತ್ರರು ಕೇಳಿದಾಗ ನನಗೆ ಮೊದಲು ನೆನಪಾದುದು ಆ ಪರಾತ. ಈ ಲೇಖನದಲ್ಲಿ ನಾನು ಪ್ರತಿಪಾದಿಸಬೇಕೆಂದಿರುವುದು ಒಂದೇ ಮಾತು: ಬೂದಿಯ ಪರಾತವನ್ನು ನಮ್ಮ ಶಾಲೆಗಳು ಬಿಡಬಾರದು, ಆದರೆ ಅದು ಗೆಲ್ಲುವುದನ್ನು ತೋರಿಸಿ ನಿಲ್ಲಿಸಲೂಬಾರದು. ಅದು ಸೋಲುವ ಸ್ಥಳದಿಂದಲೇ ನಿಜವಾದ ಪಾಠ ಆರಂಭವಾಗುತ್ತದೆ. ಮಹಾವಿಜ್ಞಾನಿಗಳನ್ನೂ ದಾರಿ ತಪ್ಪಿಸಿದ ಪರಾತವಿದು.

1609ರಲ್ಲಿ ಗೆಲಿಲಿಯೋ ದೂರದರ್ಶಕವನ್ನು ಚಂದ್ರನತ್ತ ತಿರುಗಿಸಿ, ಬೆಳಕು-ನೆರಳುಗಳ ಅಂಚಿನಲ್ಲಿ ಬೆಟ್ಟಗಳನ್ನೂ ತಗ್ಗುಗಳನ್ನೂ ಕಂಡನು. ಆ ತಗ್ಗುಗಳು ಹೇಗಾದವೆಂಬ ಪ್ರಶ್ನೆಗೆ ಪ್ರಯೋಗದಿಂದ ಉತ್ತರ ಹುಡುಕಿದವರಲ್ಲಿ ಇಂಗ್ಲೆಂಡಿನ ರಾಬರ್ಟ್ ಹುಕ್ ಅಗ್ರಗಣ್ಯ. ಜೀವಕೋಶಕ್ಕೆ ಹೆಸರಿಟ್ಟ ಹುಕ್ ಎಂದೇ ನಮ್ಮ ಮಕ್ಕಳಿಗೆ ಅವನ ಪರಿಚಯ. 1665ರಲ್ಲಿ ಪ್ರಕಟವಾದ ಅದೇ ಗ್ರಂಥದಲ್ಲಿ ಅವನು ಕಲಸಿದ ಜೇಡಿಮಣ್ಣಿನ ಮೇಲೆ ಸೀಸದ ಗುಂಡುಗಳನ್ನು ಬೀಳಿಸಿ ನೋಡಿದ ಸಂಗತಿಯೂ ಉಂಟು. ಆದ ಗುರುತುಗಳು ಚಂದ್ರನ ಕುಳಿಗಳನ್ನೇ ಹೋಲುತ್ತಿದ್ದವು. ಆದರೂ ಅವನು ಆ ವಿವರಣೆಯನ್ನು ಕೈಬಿಟ್ಟನು. ಏಕೆಂದರೆ ಚಂದ್ರನ ಮೇಲೆ ಬಂದು ಬೀಳುವಂಥ ಕಲ್ಲುಗಳು ಆಕಾಶದಲ್ಲಿ ಎಲ್ಲಿವೆಯೆಂಬುದು ಅವನಿಗೆ ತೋಚಲಿಲ್ಲ. ಕುದಿಯುವ ಅಲಬಾಸ್ಟರ್ ಪುಡಿಯಲ್ಲಿ ಗುಳ್ಳೆಗಳೊಡೆದು ಉಳಿಯುವ ಕುಳಿಗಳೇ ಅವನಿಗೆ ಹೆಚ್ಚು ಒಪ್ಪಿಗೆಯಾದವು. ಅಂದಮೇಲೆ ಚಂದ್ರನ ಕುಳಿಗಳು ಒಳಗಿನ ಬೇಗೆಯಿಂದ ಆದವು, ಜ್ವಾಲಾಮುಖಿಯಂಥವು ಎಂದಾಯಿತು. ಹುಕ್‌ನನ್ನು ನಾನು ದೂಷಿಸಲಾರೆ. ಆಕಾಶದಿಂದ ಕಲ್ಲು ಬೀಳುತ್ತದೆಂಬುದನ್ನು ಕ್ಲಾಡ್ನಿ ಎಂಬ ಜರ್ಮನ್ ಪಂಡಿತ ವಾದಿಸಿದುದು 1794ರಲ್ಲಿ. ಮೊದಲ ಕ್ಷುದ್ರಗ್ರಹ ಸಿರೀಸ್ ಕಣ್ಣಿಗೆ ಬಿದ್ದುದು 1801ರಲ್ಲಿ. ಫ್ರಾನ್ಸಿನ ಲೆಗ್ಲ್ ಎಂಬ ಊರಿನ ಸುತ್ತ ಕಲ್ಲಿನ ಮಳೆಯೇ ಸುರಿದು ವಿದ್ವಾಂಸರ ಬಾಯಿ ಕಟ್ಟಿದುದು 1803ರಲ್ಲಿ.

ಆದರೆ ಜ್ವಾಲಾಮುಖಿಯ ವಾದ ಅಷ್ಟಕ್ಕೆಲ್ಲ ಸಡಿಲಲಿಲ್ಲ. ಇಲ್ಲಿ ನನ್ನ ಮನಸ್ಸಿಗೆ ಅತ್ಯಂತ ಹತ್ತಿರದವನೆಂದರೆ ಅಮೆರಿಕದ ಭೂವಿಜ್ಞಾನಿ ಗ್ರೋವ್ ಕಾರ್ಲ್ ಗಿಲ್ಬರ್ಟ್. ಅಷ್ಟು ದೊಡ್ಡವನು ಅಷ್ಟು ಪ್ರಾಮಾಣಿಕವಾಗಿ ಎರಡು ಸಲ ತಪ್ಪಿದುದು ಅಪರೂಪ. 1891ರಲ್ಲಿ ಅವನು ಅರಿಜೋನಾ ಮರುಭೂಮಿಯಲ್ಲಿರುವ ಒಂದು ದೊಡ್ಡ ಕುಳಿಯನ್ನು ಪರೀಕ್ಷಿಸಲು ಹೋದನು. ಸುಮಾರು 1.2 ಕಿಲೋಮೀಟರು ಅಗಲ, 170 ಮೀಟರು ಆಳ. ಸುತ್ತಮುತ್ತ ಉಲ್ಕಾಕಬ್ಬಿಣದ ತುಂಡುಗಳು ಚೆಲ್ಲಿದ್ದವು. ಗಿಲ್ಬರ್ಟ್ ಹೀಗೆ ತರ್ಕಿಸಿದನು: ಇಷ್ಟು ದೊಡ್ಡ ಕುಳಿ ಮಾಡಿದ ಕಬ್ಬಿಣದ ಗುಂಡು ನೆಲದೊಳಗೆ ಹುದುಗಿರಬೇಕು. ಹುದುಗಿದ್ದರೆ ದಿಕ್ಸೂಚಿಯ ಮುಳ್ಳು ಅತ್ತಿತ್ತ ವಾಲಬೇಕು. ಮೇಲಾಗಿ, ಏರಿಯಲ್ಲಿರುವ ಮಣ್ಣುಕಲ್ಲುಗಳನ್ನು ಕುಳಿಯೊಳಗೆ ತುಂಬಿದರೆ ಗುಂಡಿನ ಗಾತ್ರದಷ್ಟು ಹೊರಗೆ ಉಳಿಯಬೇಕು. ಅಳೆದು ನೋಡಿದನು. ಮುಳ್ಳು ಅಲುಗಲಿಲ್ಲ, ಏರಿಯ ಗಾತ್ರ, ತಗ್ಗಿನ ಗಾತ್ರ ಎರಡೂ ಸರಿಹೋದವು. ಆದಕಾರಣ ಇದು ಉಲ್ಕೆಯ ಕೆಲಸವಲ್ಲ, ನೆಲದಡಿಯ ಹಬೆ ಸಿಡಿದು ಆದುದು ಎಂದು ತೀರ್ಮಾನಿಸಿದನು.

ಮರುವರ್ಷ ಅದೇ ಗಿಲ್ಬರ್ಟ್ ದೂರದರ್ಶಕದ ಮುಂದೆ ಅನೇಕ ರಾತ್ರಿಗಳನ್ನು ಕಳೆದು ಚಂದ್ರನ ಕುಳಿಗಳನ್ನು ಅಭ್ಯಸಿಸಿದನು. (ಸರ್ಕಾರದ ಭೂವಿಜ್ಞಾನಿ ಚಂದ್ರನನ್ನು ನೋಡುತ್ತ ಕುಳಿತರೆ ಆ ಇಲಾಖೆಗೆ ಬೇರೆ ಕೆಲಸವಿಲ್ಲವೆಂದಾಯಿತಲ್ಲ ಎಂದು ಅಲ್ಲಿನ ಶಾಸನಸಭೆಯ ಸದಸ್ಯರೊಬ್ಬರು ಕುಟುಕಿದರಂತೆ. ಇಂಥ ಸದಸ್ಯರು ಎಲ್ಲ ದೇಶಗಳಲ್ಲಿಯೂ ಉಂಟು.) ಚಂದ್ರನ ಕುಳಿಗಳು ಜ್ವಾಲಾಮುಖಿಗಳಲ್ಲ, ಹೊಡೆತದಿಂದ ಆದವು ಎಂದು ಅವನು ಸರಿಯಾಗಿಯೇ ಹೇಳಿದನು. ಆದರೆ ಅವನ ಪ್ರಯೋಗಗಳಲ್ಲಿ ಓರೆಯಾಗಿ ಎಸೆದ ಗುಂಡುಗಳು ಉದ್ದನೆಯ ಕುಳಿಗಳನ್ನು ಮಾಡುತ್ತಿದ್ದವು. ನಮ್ಮ ಹಿಂದಿನ ಸಾಲಿನ ಹುಡುಗನ ಪ್ರಶ್ನೆಯೇ ಅವನನ್ನೂ ಕಾಡಿತು. ಅದರಿಂದ ತಪ್ಪಿಸಿಕೊಳ್ಳಲು, ಭೂಮಿಯ ಸುತ್ತ ಒಮ್ಮೆ ಪುಟ್ಟ ಚಂದ್ರರ ಬಳೆಯೊಂದು ಇದ್ದಿತು, ಅವು ನಿಧಾನವಾಗಿ, ಹೆಚ್ಚುಕಡಿಮೆ ನೆಟ್ಟಗೆ ಬಂದು ಚಂದ್ರನನ್ನು ಸೇರಿದವು ಎಂಬ ದೊಡ್ಡ ಕಲ್ಪನೆಯನ್ನೇ ಹೂಡಬೇಕಾಯಿತು. ಎಂಟನೆಯ ತರಗತಿಯ ಮೇಷ್ಟರು ಒಂದು ವಾಕ್ಯದಲ್ಲಿ ಮಾಡಿದ ತಪ್ಪನ್ನು ಗಿಲ್ಬರ್ಟ್ ಪಾಂಡಿತ್ಯಪೂರ್ಣವಾದ ಪ್ರಬಂಧದಲ್ಲಿ ಮಾಡಿದನು ಎಂದರೆ ಅವನಿಗೆ ಅವಮಾನವಲ್ಲ, ನನಗೆ ಸ್ವಲ್ಪ ಸಮಾಧಾನ. ಅವನ ಎರಡೂ ತಪ್ಪುಗಳ ಬೇರು ಒಂದೇ. ಕಲ್ಲು ಬಂದು ನೆಲವನ್ನು ಒತ್ತುತ್ತದೆ, ಒತ್ತಿದ ಗುರುತೇ ಕುಳಿ, ಒತ್ತಿದ ಕಲ್ಲು ಅಲ್ಲಿಯೇ ಇರುತ್ತದೆ ಎಂದು ಅವನು ನಂಬಿದ್ದನು. ಪರಾತದಲ್ಲಿ ಆಗುವುದು ಅದೇ ತಾನೆ?

ಈ ನಂಬಿಕೆಗೆ ಒಬ್ಬ ಮನುಷ್ಯ ತನ್ನ ಸರ್ವಸ್ವವನ್ನೂ ತೆತ್ತನು. ಗಣಿ ಉದ್ಯಮಿ ಡೇನಿಯಲ್ ಬಾರಿಂಜರ್ ಅರಿಜೋನಾದ ಆ ಕುಳಿ ಉಲ್ಕೆಯಿಂದಲೇ ಆದುದೆಂದು ದೃಢವಾಗಿ ನಂಬಿ, 1903ರಲ್ಲಿ ಕಂಪನಿ ಕಟ್ಟಿ, ಹುದುಗಿರುವ ಕಬ್ಬಿಣವನ್ನು ತೆಗೆಯಲು ಕೊರೆಯತೊಡಗಿದನು. ಕುಳಿಯ ನಡುವೆ ಕೊರೆದರೆ ಏನೂ ಸಿಕ್ಕಲಿಲ್ಲ. ಆಗ ಅವನು ಕೆಸರಿಗೆ ಬಂದೂಕಿನಿಂದ ಓರೆಯಾಗಿ ಗುಂಡು ಹಾರಿಸಿ ನೋಡಿದನು. ರಂಧ್ರ ದುಂಡಗೇ ಆಯಿತು. ಗಿಲ್ಬರ್ಟ್ ಕಾಣದುದನ್ನು ಈತ ಕಂಡನು, ಏಕೆಂದರೆ ಬಂದೂಕಿನ ಗುಂಡಿಗೆ ವೇಗ ಹೆಚ್ಚು. ಆದರೆ ಅವನು ಅದರಿಂದ ತೆಗೆದ ಅರ್ಥ ಬೇರೆ: ಗುಂಡು ಓರೆಯಾಗಿ ಬಂದಿರಬಹುದು, ಹಾಗಿದ್ದರೆ ಕಬ್ಬಿಣ ದಕ್ಷಿಣದ ಏರಿಯ ಕೆಳಗೆ ಇರಬೇಕು ಎಂದು ಅಲ್ಲಿ ಕೊರೆಯಿಸಿದನು. ಇಪ್ಪತ್ತಾರು ವರ್ಷಗಳ ದುಡಿಮೆಯ ನಂತರ 1929ರಲ್ಲಿ ಕಂಪನಿಯವರು ಖಗೋಳಜ್ಞ ಮೌಲ್ಟನ್‌ನಿಂದ ಲೆಕ್ಕ ಹಾಕಿಸಿದರು. ಬಂದ ಕಾಯ ಬಾರಿಂಜರ್ ಊಹಿಸಿದ್ದರ ಒಂದು ಸಣ್ಣ ಅಂಶ ಮಾತ್ರ, ಅದರಲ್ಲಿಯೂ ಬಹುಭಾಗ ಹೊಡೆತದ ಕ್ಷಣದಲ್ಲೇ ಆವಿಯಾಗಿರಬೇಕು ಎಂದು ಮೌಲ್ಟನ್ ವರದಿ ಕೊಟ್ಟನು. ಅದೇ ನವೆಂಬರಿನಲ್ಲಿ ಬಾರಿಂಜರ್ ಹೃದಯಾಘಾತದಿಂದ ತೀರಿಕೊಂಡನು. ಕುಳಿಯ ವಿಷಯದಲ್ಲಿ ಅವನು ಸರಿ, ಕಬ್ಬಿಣದ ವಿಷಯದಲ್ಲಿ ತಪ್ಪು.

ಹಾಗಾದರೆ ಪರಾತ ಎಲ್ಲಿ ಸೋಲುತ್ತದೆ? ವೇಗದಲ್ಲಿ. ಎರಡು ಮೀಟರು ಎತ್ತರದಿಂದ ಬಿಟ್ಟ ಗೋಲಿ ಬೂದಿಯನ್ನು ಮುಟ್ಟುವಾಗ ಅದರ ವೇಗ ಸೆಕೆಂಡಿಗೆ 6 ಮೀಟರಿಗಿಂತ ಸ್ವಲ್ಪ ಹೆಚ್ಚು. ಉಲ್ಕಾಕಾಯದ ವೇಗ ಸೆಕೆಂಡಿಗೆ 20 ಕಿಲೋಮೀಟರಿನ ಆಸುಪಾಸು. ಚಲನಶಕ್ತಿ ವೇಗದ ವರ್ಗಕ್ಕೆ ಅನುಗುಣವಾಗಿ ಏರುವುದನ್ನು ಒಂಬತ್ತನೆಯ ತರಗತಿಯಲ್ಲಿಯೇ ಕಲಿಸುತ್ತೇವೆ. ಆ ಸೂತ್ರವನ್ನು ಇಲ್ಲಿ ಹಾಕಿ ನೋಡಿದರೆ, ತೂಕಕ್ಕೆ ತೂಕ ಹೋಲಿಸಿದಾಗ, ಉಲ್ಕಾಕಾಯದ ಶಕ್ತಿ ನಮ್ಮ ಗೋಲಿಯ ಶಕ್ತಿಯ ಸುಮಾರು ಒಂದು ಕೋಟಿ ಪಟ್ಟು. ಇನ್ನೊಂದು ರೀತಿಯಲ್ಲಿ ಹೇಳುವುದಾದರೆ, ಸೆಕೆಂಡಿಗೆ 3 ಕಿಲೋಮೀಟರು ವೇಗದಲ್ಲಿ ಬರುವ ಕಲ್ಲಿನಲ್ಲಿ ಅದರಷ್ಟೇ ತೂಕದ ಟಿಎನ್‌ಟಿ ಸ್ಫೋಟಕದಲ್ಲಿರುವಷ್ಟು ಶಕ್ತಿ ಇರುತ್ತದೆ. 20 ಕಿಲೋಮೀಟರಿನಲ್ಲಿ ಅದರ 48 ಪಟ್ಟು. ಹೀಗೆ ಬರುವ ಕಲ್ಲನ್ನು ಕಲ್ಲೆಂದು ಕರೆಯುವುದಕ್ಕಿಂತ ಮದ್ದಿನ ಮೂಟೆಯೆಂದು ಕರೆಯುವುದೇ ಸರಿ.

ಅದು ನೆಲಕ್ಕೆ ತಾಗಿದಾಗ ಏನಾಗುತ್ತದೆಂಬುದನ್ನು ಸ್ವಲ್ಪ ನಿಧಾನವಾಗಿ ನೋಡೋಣ, ಏಕೆಂದರೆ ನಿಜವಾದ ಘಟನೆ ನಿಧಾನವಲ್ಲ. ಬಂಡೆಯಲ್ಲಿ ಶಬ್ದ ಸಾಗುವ ವೇಗ ಸೆಕೆಂಡಿಗೆ ಐದಾರು ಕಿಲೋಮೀಟರು. ಬರುವ ಕಾಯ ಅದಕ್ಕಿಂತ ಎಷ್ಟೋ ಪಾಲು ವೇಗವುಳ್ಳದ್ದು. ಆದುದರಿಂದ ಮುಂದಿನ ಬಂಡೆಗೆ ಸರಿದು ದಾರಿ ಬಿಡಲು ವ್ಯವಧಾನವೇ ಇಲ್ಲ. ಕಾಯವೂ ಬಂಡೆಯೂ ಊಹಿಸಲಾಗದ ಒತ್ತಡದಲ್ಲಿ ಒಂದರೊಳಗೊಂದು ಹಿಸುಕಿಕೊಳ್ಳುತ್ತವೆ. ಐವತ್ತು ಮೀಟರಿನ ಕಾಯವಾದರೆ ತನ್ನ ಗಾತ್ರದ ಒಂದೆರಡು ಪಟ್ಟು ಆಳಕ್ಕೆ ಇಳಿಯುವಷ್ಟರಲ್ಲಿ, ಸೆಕೆಂಡಿನ ನೂರನೆಯ ಒಂದು ಭಾಗದೊಳಗೆ, ಅದರ ಆಟ ಮುಗಿಯುತ್ತದೆ. ಅಲ್ಲಿಂದ ಮುಂದೆ ಕೆಲಸ ಮಾಡುವುದು ಕಲ್ಲಲ್ಲ, ಅದು ಎಬ್ಬಿಸಿದ ಆಘಾತದ ಅಲೆ. ಅದು ಹೆಚ್ಚುಕಡಿಮೆ ಒಂದೇ ಬಿಂದುವಿನಿಂದ ಹೊರಟು ಎಲ್ಲ ದಿಕ್ಕಿಗೂ ಸಮನಾಗಿ, ಅರ್ಧಗೋಲದಂತೆ ಹರಡುತ್ತದೆ. ಒತ್ತಿದ ಬಂಡೆ ಬಿಡುಗಡೆಯಾದಾಗ ಒಂದಷ್ಟು ಆವಿಯಾಗುತ್ತದೆ, ಒಂದಷ್ಟು ಕರಗುತ್ತದೆ, ಉಳಿದುದು ಪುಡಿಯಾಗಿ ಮೇಲಕ್ಕೂ ಹೊರಕ್ಕೂ ಹರಿದು ಚಿಮ್ಮುತ್ತದೆ. ಕುಳಿ ತೋಡುವುದು ಈ ಹರಿವು. ಆದಕಾರಣವೇ ಕುಳಿಯ ಅಗಲ ಬಂದ ಕಾಯದ ಹತ್ತರಿಂದ ಇಪ್ಪತ್ತು ಪಟ್ಟು ಆಗಬಲ್ಲದು. ಅರಿಜೋನಾದ ಕುಳಿಯನ್ನು ಮಾಡಿದ ಕಬ್ಬಿಣದ ಕಾಯ ಸುಮಾರು ಐವತ್ತು ಮೀಟರು. ಕಾಲ ಸುಮಾರು 50,000 ವರ್ಷಗಳ ಹಿಂದೆ. ಇಡೀ ಕುಳಿ ತೋಡಿ ಮುಗಿಯಲು ಹಿಡಿದದ್ದು ಹತ್ತು ಸೆಕೆಂಡಿನ ಆಸುಪಾಸು.

ಈಗ ಹುಡುಗನ ಪ್ರಶ್ನೆಗೆ ಉತ್ತರ ತಾನಾಗಿಯೇ ಒದಗುತ್ತದೆ. ದೀಪಾವಳಿಯ ಪಟಾಕಿಯೊಂದನ್ನು ಮರಳಿನಲ್ಲಿ ನೆಟ್ಟಗೆ ಹೂತರೂ ಓರೆಯಾಗಿ ಹೂತರೂ ಸಿಡಿದಾಗ ಆಗುವ ಗುಂಡಿ ದುಂಡಗೇ. ಮದ್ದು ಯಾವ ದಾರಿಯಿಂದ ಒಳಗೆ ಹೋಯಿತೆಂಬುದನ್ನು ಗುಂಡಿ ನೆನಪಿಡುವುದಿಲ್ಲ. ಉಲ್ಕಾಕುಳಿಯೂ ಹಾಗೆಯೇ. ನೆಲವನ್ನು ಸವರಿಕೊಂಡು, ಸುಮಾರು 15 ಅಂಶಗಳಿಗಿಂತ ಕಡಿಮೆ ಕೋನದಲ್ಲಿ ಬಂದರೆ ಮಾತ್ರ ಕುಳಿ ಉದ್ದವಾಗತೊಡಗುತ್ತದೆ. ಗಣಿತದ ಪ್ರಕಾರ ಅಂಥ ಹೊಡೆತಗಳು ನೂರಕ್ಕೆ ಏಳನ್ನು ಮೀರುವುದಿಲ್ಲ. ಈ ಸ್ಫೋಟದ ವಿಚಾರವನ್ನು 1916ರಲ್ಲಿ ಎಸ್ಟೋನಿಯಾದ ಓಪಿಕ್, 1924ರಲ್ಲಿ ನ್ಯೂಜಿಲೆಂಡಿನ ಗಿಫರ್ಡ್ ಹೇಳಿದ್ದರು, ಕೇಳಿದವರು ಕಡಿಮೆ. 1949ರಲ್ಲಿ ರಾಲ್ಫ್ ಬಾಲ್ಡ್ವಿನ್ ಯುದ್ಧದಲ್ಲಿ ಬಾಂಬುಗಳು ತೋಡಿದ ಗುಂಡಿಗಳ ಅಳತೆಗಳನ್ನು ಚಂದ್ರನ ಕುಳಿಗಳ ಅಳತೆಗಳೊಡನೆ ಇಟ್ಟು, ಆಳ-ಅಗಲಗಳ ಸಂಬಂಧ ಎರಡರಲ್ಲಿಯೂ ಒಂದೇ ಗೆರೆಯ ಮೇಲೆ ಸಾಗುವುದನ್ನು ತೋರಿಸಿದರು. ಮನುಷ್ಯನ ಕ್ರೌರ್ಯದ ದಾಖಲೆಯಿಂದ ಚಂದ್ರನ ಚರಿತ್ರೆ ತಿಳಿಯಿತೆಂಬುದು ಸಂತೋಷದಿಂದ ಹೇಳುವ ಮಾತಲ್ಲ.

ಕೊನೆಯ ಬೀಗವನ್ನು ತೆಗೆದವರು ಯೂಜೀನ್ ಶೂಮೇಕರ್. ನೆವಾಡಾದಲ್ಲಿ ಅಣುಬಾಂಬಿನ ಪರೀಕ್ಷೆಗಳಿಂದಾದ ಗುಂಡಿಗಳನ್ನೂ ಅರಿಜೋನಾದ ಕುಳಿಯನ್ನೂ ಅವರು ಪದರ ಪದರವಾಗಿ ಹೋಲಿಸಿದರು. ಎರಡರ ಏರಿಯಲ್ಲಿಯೂ ನೆಲದ ಪದರಗಳು ಚಾಪೆಯ ಅಂಚನ್ನು ಹಿಂದಕ್ಕೆ ಮಡಚಿದಂತೆ ತಲೆಕೆಳಗಾಗಿ ಬಿದ್ದಿದ್ದವು. 1960ರಲ್ಲಿ ಅರಿಜೋನಾದ ಕಲ್ಲಿನಲ್ಲಿ ಕೋಯೆಸೈಟ್ ಎಂಬ ಖನಿಜ ಸಿಕ್ಕಿತು. ಬೆಣಚುಕಲ್ಲಿನ ದ್ರವ್ಯವೇ ಅಗಾಧ ಒತ್ತಡದಲ್ಲಿ ತಾಳುವ ರೂಪ ಅದು. 1953ರಲ್ಲಿ ಪ್ರಯೋಗಶಾಲೆಯಲ್ಲಿ ಹುಟ್ಟಿದ್ದು, ನಿಸರ್ಗದಲ್ಲಿ ಅದುವರೆಗೆ ಕಂಡಿರಲಿಲ್ಲ. ನೆಲದ ಮೇಲ್ಪದರದಲ್ಲಿ ಅಂಥ ಒತ್ತಡವನ್ನು ಯಾವ ಹಬೆಯೂ ಯಾವ ಜ್ವಾಲಾಮುಖಿಯೂ ಉಂಟುಮಾಡಲಾರದು. ಶೂಮೇಕರ್ ಚಂದ್ರನ ಮೇಲೆ ತಾವೇ ನಡೆದಾಡಬೇಕೆಂದು ಹಂಬಲಿಸಿದ್ದರು, ಕಾಯಿಲೆ ಬಿಡಲಿಲ್ಲ. ಅವರ ಚಿತಾಭಸ್ಮದ ಒಂದು ಚಿಟಿಕೆಯನ್ನು ಹೊತ್ತ ನೌಕೆ 1999ರ ಜುಲೈ 31ರಂದು ಚಂದ್ರನ ದಕ್ಷಿಣಧ್ರುವದ ಬಳಿ ಅಪ್ಪಳಿಸಿತು.

ಇಷ್ಟನ್ನು ಓದಿ, ಇದೆಲ್ಲ ಅಮೆರಿಕದ ಕಥೆ, ನಮ್ಮ ಮಕ್ಕಳಿಗೆ ಕೈಗೆಟುಕುವುದೇನು ಎಂದು ಅಧ್ಯಾಪಕ ಬಂಧುಗಳು ಕೇಳಬಹುದು. ನಮ್ಮ ಶಾಲೆಗಳ ಶೈಕ್ಷಣಿಕ ಪ್ರವಾಸಗಳು ಅಜಂತಾ-ಎಲ್ಲೋರಗಳಿಗೆ ಹೋಗುವುದು ರೂಢಿ. ಅಲ್ಲಿಂದ ಇನ್ನೊಂದು ಹಗಲಿನ ದಾರಿ ಸವೆಸಿದರೆ ಮಹಾರಾಷ್ಟ್ರದ ಬುಲ್ಢಾಣಾ ಜಿಲ್ಲೆಯ ಲೋಣಾರ. ಸುಮಾರು 1.8 ಕಿಲೋಮೀಟರು ಅಗಲದ, ಬಟ್ಟಲಿನಂತೆ ದುಂಡನೆಯ ಕುಳಿ. ತಳದಲ್ಲಿ ಉಪ್ಪೂ ಕ್ಷಾರವೂ ಬೆರೆತ ನೀರಿನ ಕೆರೆ. ಲವಣಾಸುರನೆಂಬ ದೈತ್ಯನನ್ನು ವಿಷ್ಣು ಸಂಹರಿಸಿದ ಸ್ಥಳವಿದೆಂದು ಸ್ಥಳಪುರಾಣ. ಊರಿನಲ್ಲಿ ದೈತ್ಯಸೂದನನ ಸುಂದರವಾದ ದೇಗುಲವಿದೆ. ಪುರಾಣವನ್ನು ನಾನು ಹಗುರವಾಗಿ ಕಾಣುವವನಲ್ಲ. ಇದು ಸಾಮಾನ್ಯವಾದ ತಗ್ಗಲ್ಲ, ಇಲ್ಲಿ ಘೋರವಾದುದೇನೋ ನಡೆಯಿತು ಎಂದು ಆ ಕಥೆ ಕಟ್ಟಿದವರಿಗೆ ಅನಿಸಿದ್ದಂತೂ ನಿಜ. ಏರಿಯ ಮೇಲೆ ಮೊದಲ ಸಲ ನಿಂತಾಗ ನನಗೂ ಹಾಗೆಯೇ ಅನಿಸಿತು.

ಲೋಣಾರದ ಹಿರಿಮೆ ಅದರ ಕಲ್ಲಿನಲ್ಲಿದೆ. ಸುಮಾರು ಆರೂವರೆ ಕೋಟಿ ವರ್ಷಗಳ ಹಿಂದೆ ದಖ್ಖಣದ ಮೇಲೆಲ್ಲ ಹರಿದು ಹೆಪ್ಪುಗಟ್ಟಿದ ಲಾವಾದ ಕರಿಗಲ್ಲು ಅದು. ವಿಜಯಪುರ, ಕಲಬುರಗಿ, ಬೀದರ, ಬೆಳಗಾವಿ ಸೀಮೆಯ ಕರಿಗಲ್ಲೂ ಅದೇ. ಗೋಳಗುಮ್ಮಟವನ್ನು ಕಟ್ಟಿದ್ದೂ ಅದರಿಂದಲೇ. ಚಂದ್ರನ ಮೇಲೆ ನಮ್ಮ ಕಣ್ಣಿಗೆ ಕಪ್ಪಾಗಿ, ಮೊಲವೆಂದೂ ಜಿಂಕೆಯೆಂದೂ ತೋರುವ ಬಯಲುಗಳು ಕೂಡ ಇದೇ ಜಾತಿಯ ಬಸಾಲ್ಟ್ ಶಿಲೆಯವು. ಇಂಥ ಶಿಲೆಯಲ್ಲಿ ತೋಡಿದ, ಇಷ್ಟು ಕೆಡದೆ ಉಳಿದ ಉಲ್ಕಾಕುಳಿ ಭೂಮಿಯ ಮೇಲೆ ಅತಿ ವಿರಳ. ಬಹುಕಾಲ ಲೋಣಾರವನ್ನೂ ಜ್ವಾಲಾಮುಖಿಯ ಬಾಯಿ ಎಂದೇ ಹೇಳುತ್ತಿದ್ದರು; ಸುತ್ತಲೂ ಲಾವಾದ ಕಲ್ಲೇ ಇರುವಾಗ ಹಾಗೆ ಹೇಳುವುದು ಸಹಜವೇ. ಕುಳಿಯ ತಳವನ್ನು ಕೊರೆದು ತೆಗೆದ ಕಲ್ಲುಗಳಲ್ಲಿ ಮಾಸ್ಕೆಲಿನೈಟ್ ಸಿಕ್ಕಿತೆಂದು 1973ರಲ್ಲಿ ಪ್ರಕಟವಾದ ಮೇಲೆ ಸಂಶಯ ಪರಿಹಾರವಾಯಿತು. ಕಲ್ಲಿನೊಳಗಿನ ಫೆಲ್ಡ್‌ಸ್ಪಾರ್ ಹರಳು ಕರಗದೆಯೇ, ಬರಿಯ ಆಘಾತದಿಂದ ಗಾಜಾದುದೇ ಮಾಸ್ಕೆಲಿನೈಟ್. ಇದನ್ನು ಮೊತ್ತಮೊದಲು ಗುರುತಿಸಿದ್ದು 1865ರಲ್ಲಿ ಬಿಹಾರದ ಶೆರ್ಘಾಟಿಯಲ್ಲಿ ಬಿದ್ದ ಉಲ್ಕಾಶಿಲೆಯಲ್ಲಿ. ಆ ಶಿಲೆ ಮಂಗಳಗ್ರಹದ್ದೆಂದು ಈಗ ಗೊತ್ತಾಗಿದೆ. ಮಂಗಳನ ಮೇಲೆ ಯಾವುದೋ ಕಾಯ ಅಪ್ಪಳಿಸಿ ಕುಳಿಯಾದಾಗ ಚಿಮ್ಮಿದ ಚೂರು, ಆಕಾಶದಲ್ಲಿ ಅಲೆದು ಅಲೆದು ಬಿಹಾರದ ನೆಲಕ್ಕೆ ಬಂದು ಬಿದ್ದಿತು.

ಲೋಣಾರದ ವಯಸ್ಸಿನ ಬಗ್ಗೆ ಮಾತ್ರ ಒಮ್ಮತವಿಲ್ಲ. ಒಂದು ವಿಧಾನ ಸುಮಾರು 50,000 ವರ್ಷ ಎಂದರೆ ಇನ್ನೊಂದು 5,70,000 ವರ್ಷ ಎನ್ನುತ್ತದೆ. ಮಕ್ಕಳಿಗೆ ಈ ಭಿನ್ನಾಭಿಪ್ರಾಯವನ್ನೂ ಹೇಳಬೇಕು. ಅಂದ ಹಾಗೆ, ಅಲ್ಲಿಂದ ಕಲ್ಲು ಹೆಕ್ಕಿ ತರಬಾರದು. ಅದು ವನ್ಯಧಾಮ, 2020ರಿಂದ ರಾಮ್ಸಾರ್ ಪಟ್ಟಿಯಲ್ಲಿಯೂ ಸೇರಿದೆ.

ಭೂಮಿಯ ಮೇಲೆ ಗುರುತಿಸಲಾಗಿರುವ ಉಲ್ಕಾಕುಳಿಗಳು ಒಟ್ಟು ಸುಮಾರು ಇನ್ನೂರು. ನಮ್ಮ ದೇಶದಲ್ಲಿ ಲೋಣಾರವಲ್ಲದೆ ಮಧ್ಯಪ್ರದೇಶದ ಧಾಲಾ, ರಾಜಸ್ಥಾನದ ರಾಮಗಢ ಮಾನ್ಯವಾಗಿವೆ. ಚಂದ್ರನಿಗೆ ಬಿದ್ದಷ್ಟು ಪೆಟ್ಟುಗಳು ಭೂಮಿಗೆ ಬೀಳಲಿಲ್ಲವೆಂದಲ್ಲ. ಮಳೆ, ನದಿ, ಹೂಳು, ಭೂಫಲಕಗಳ ಚಲನೆ ಅವನ್ನೆಲ್ಲ ಅಳಿಸಿವೆ. ಚಂದ್ರನಲ್ಲಿ ಅಳಿಸುವವರಿಲ್ಲ. ಅಲ್ಲಿ ಗುರುತ್ವ ಕಡಿಮೆಯಾದುದರಿಂದ 15ರಿಂದ 20 ಕಿಲೋಮೀಟರಿನವರೆಗಿನ ಕುಳಿಗಳು ಬಟ್ಟಲಿನ ರೂಪವನ್ನು ಉಳಿಸಿಕೊಳ್ಳುತ್ತವೆ. ಅದನ್ನು ಮೀರಿದರೆ ಗೋಡೆಗಳು ಮೆಟ್ಟಿಲು ಮೆಟ್ಟಿಲಾಗಿ ಕುಸಿದು, ಒತ್ತಿದ ತಳ ಮೇಲಕ್ಕೆ ಪುಟಿದು ನಡುವೆ ಬೆಟ್ಟವೇಳುತ್ತದೆ. ಭೂಮಿಯಲ್ಲಿ ಈ ಬದಲಾವಣೆ ಎರಡರಿಂದ ನಾಲ್ಕು ಕಿಲೋಮೀಟರಿಗೇ ಆಗಿಬಿಡುತ್ತದೆ. 85 ಕಿಲೋಮೀಟರು ಅಗಲದ ಟೈಕೋ ಕುಳಿಯ ನಡುಬೆಟ್ಟ ಸುಮಾರು ಎರಡು ಕಿಲೋಮೀಟರು ಎತ್ತರ. ಅದರಿಂದ ಹೊರಟ ಬಿಳಿಯ ಕಿರಣಗಳು ಹುಣ್ಣಿಮೆಯಂದು ಚಂದ್ರಬಿಂಬದ ಬಹುಭಾಗವನ್ನು ವ್ಯಾಪಿಸುತ್ತವೆ.

ಉಳಿದ ಗ್ರಹಗಳನ್ನು ಬೇಗನೆ ದಾಟೋಣ. ಶುಕ್ರನ ದಟ್ಟವಾದ ವಾಯುಮಂಡಲ ಸಣ್ಣ ಕಾಯಗಳನ್ನು ನೆಲ ಮುಟ್ಟಗೊಡುವುದಿಲ್ಲ. ಆದುದರಿಂದ ಅಲ್ಲಿ ಮೂರು ಕಿಲೋಮೀಟರಿಗಿಂತ ಚಿಕ್ಕ ಕುಳಿಗಳು ಇಲ್ಲವೆಂದೇ ಹೇಳಬಹುದು. ಮಂಗಳನ ಅನೇಕ ಕುಳಿಗಳ ಸುತ್ತ ಚಿಮ್ಮಿದ ದ್ರವ್ಯ ಕೆಸರಿನಂತೆ ಹರಿದು ನಿಂತಿದೆ. ನೆಲದಡಿಯಲ್ಲಿ ಹಿಮವಿದ್ದುದರ ಕುರುಹು ಅದು. ಗುರುವಿನ ಉಪಗ್ರಹಗಳಲ್ಲಿ ಕ್ಯಾಲಿಸ್ಟೋ ಮೈತುಂಬ ಸಿಡುಬಿನ ಕಲೆ ಹೊತ್ತಂತಿದ್ದರೆ, ಎಡೆಬಿಡದೆ ಜ್ವಾಲಾಮುಖಿಗಳು ಉಗುಳುವ ಇಯೋದ ಮೇಲೆ ಉಲ್ಕಾಕುಳಿ ಒಂದೂ ಕಂಡಿಲ್ಲ. ಕುಳಿಗಳು ಹೆಚ್ಚಿದ್ದರೆ ನೆಲ ಹಳೆಯದು, ಕಡಿಮೆಯಿದ್ದರೆ ಹೊಸದು. ಅಪೊಲೊ ಯಾತ್ರಿಗಳು ತಂದ ಕಲ್ಲುಗಳ ವಯಸ್ಸನ್ನು ಅಳೆದು ಈ ಗಡಿಯಾರಕ್ಕೆ ಕೀಲಿ ಕೊಟ್ಟಿದ್ದಾರೆ.

2023ರ ಆಗಸ್ಟ್ 23ರಂದು ಚಂದ್ರಯಾನ-3 ಇಳಿದುದನ್ನು ಎಲ್ಲ ಶಾಲೆಗಳಂತೆ ನಮ್ಮ ಮಕ್ಕಳೂ ಕುಳಿತು ನೋಡಿದರು, ಚಪ್ಪಾಳೆ ತಟ್ಟಿದರು. ಅದಾದ ನಾಲ್ಕು ದಿನಕ್ಕೆ, ಆಗಸ್ಟ್ 27ರಂದು, ಪ್ರಜ್ಞಾನ್ ಬಂಡಿಯ ಮುಂದೆ ಮೂರು ಮೀಟರು ದೂರದಲ್ಲಿ ನಾಲ್ಕು ಮೀಟರು ಅಗಲದ ಕುಳಿಯೊಂದು ಎದುರಾಯಿತು. ಬಂದ ದಾರಿಯಲ್ಲೇ ಹಿಂದಿರುಗುವಂತೆ ಅದಕ್ಕೆ ಆಜ್ಞೆ ಹೋಯಿತು. ಈ ಚಿತ್ರವನ್ನು ತರಗತಿಯಲ್ಲಿಟ್ಟು ಆ ಕುಳಿಯ ಬಗ್ಗೆ ಹತ್ತು ಪ್ರಶ್ನೆ ಕೇಳಿದವರು ಎಷ್ಟು ಜನವೋ ನಾನರಿಯೆ. ಚಪ್ಪಾಳೆಗೆ ಎರಡು ನಿಮಿಷ ಸಾಕು.

ಈಗ ಎಲ್ಲವೂ ಗೋಡೆಯ ಪರದೆಯ ಮೇಲೆ, ಕೈಯ ಮೊಬೈಲಿನಲ್ಲಿ ಸಿಕ್ಕುವಾಗ ಬೂದಿಯ ಪರಾತವೇಕೆ ಎಂಬ ಆಕ್ಷೇಪವನ್ನು ನಾನು ಕೇಳಿದ್ದೇನೆ. ಪರದೆಯ ಚಿತ್ರ ಸೋಲುವುದೇ ಇಲ್ಲ, ಅದೇ ಅದರ ದೋಷ. ಅದರೊಳಗೆ ಕೈಹಾಕಿ ಗೋಲಿಯನ್ನು ಓರೆಯಾಗಿ ಎಸೆಯಲು ಬರುವುದಿಲ್ಲ. ಪರಾತವಾದರೋ ಮೊದಲ ಐದು ನಿಮಿಷ ನಿಜ ಹೇಳಿ ಆರನೆಯ ನಿಮಿಷಕ್ಕೆ ಸುಳ್ಳು ಹೇಳುತ್ತದೆ. ಸುಳ್ಳನ್ನು ಹಿಡಿಯುವವನು ಹಿಂದಿನ ಸಾಲಿನ ಹುಡುಗ. ಅವನಿಗೆ ಆಗ ಚಲನಶಕ್ತಿಯ ಸೂತ್ರವನ್ನು ಕೊಟ್ಟು, ಲೆಕ್ಕ ಮಾಡು, ಗೋಲಿಯ ಶಕ್ತಿಗೂ ಉಲ್ಕೆಯ ಶಕ್ತಿಗೂ ಎಷ್ಟು ಪಟ್ಟು ಅಂತರ ಬರುತ್ತದೆ ನೋಡು ಎನ್ನಬೇಕಾಗಿದ್ದಿತು. ನಾನು ಅವನ ಬಾಯಿ ಮುಚ್ಚಿಸಿದೆ. ಅವನು ಈಗ ಎಲ್ಲಿದ್ದಾನೋ ತಿಳಿಯದು. ಹಳೆಯ ವಿದ್ಯಾರ್ಥಿಗಳ ಕೈಗೆ ಈ ಸಂಚಿಕೆ ಹೋಗುವುದರಿಂದ, ಅವನ ಕಣ್ಣಿಗೂ ಬಿದ್ದರೆ, ಇದನ್ನು ತಡವಾಗಿ ಬಂದ ಉತ್ತರವೆಂದು ಸ್ವೀಕರಿಸಲಿ.

ದಾನಿಗಳಲ್ಲಿಯೂ ನನ್ನದೊಂದು ವಿನಂತಿಯುಂಟು. ಕೊಠಡಿ ಕಟ್ಟಿಸಿಕೊಟ್ಟವರ ಹೆಸರು ಕಲ್ಲಿನಲ್ಲಿ ಉಳಿಯುತ್ತದೆ, ಅದು ಯೋಗ್ಯವೇ. ಆದರೆ ಒಂದು ಕೊಠಡಿಯ ವೆಚ್ಚದ ಅಲ್ಪಾಂಶದಲ್ಲಿ ನಾಲ್ಕು ಅಂಗುಲದ ಒಳ್ಳೆಯ ದೂರದರ್ಶಕವೊಂದು ಶಾಲೆಗೆ ಬರುತ್ತದೆ. ಬಂದ ಮೇಲೆ ಅದನ್ನು ಬೀರುವಿನಲ್ಲಿಟ್ಟು ಬೀಗ ಹಾಕಬಾರದೆಂಬ ಷರತ್ತನ್ನು ದಾನಿಗಳೇ ವಿಧಿಸಲಿ. ನಮ್ಮ ಪ್ರಯೋಗಶಾಲೆಗಳ ಬೀಗದ ಕೈಗಳ ಇತಿಹಾಸ ನನಗೆ ಗೊತ್ತು.

ನೋಡಲು ತಕ್ಕ ದಿನವೆಂದರೆ ಹುಣ್ಣಿಮೆಯಲ್ಲ. ಅಂದು ನೆರಳುಗಳಿಲ್ಲದೆ ಕುಳಿಗಳು ಮಾಸಿಹೋಗುತ್ತವೆ. ಶುಕ್ಲಪಕ್ಷದ ಚೌತಿ-ಪಂಚಮಿಯ ಸಂಜೆ, ಬೆಳಕು ಕತ್ತಲೆಗಳ ಗಡಿಯ ಬಳಿ, ಫಲವತ್ತತೆಯ ಸಾಗರವೆಂದು ಹೆಸರಾದ ಕಪ್ಪು ಬಯಲಿನಲ್ಲಿ ಮೆಸಿಯೆ ಎಂಬ ಪುಟ್ಟ ಕುಳಿಯನ್ನು ಹುಡುಕಬೇಕು. ಅದು ದುಂಡಗಿಲ್ಲ, ಮೊಟ್ಟೆಯಂತೆ ಉದ್ದವಾಗಿದೆ. ಪಕ್ಕದಲ್ಲೇ ಅದರ ಜೊತೆಗಾರ ಕುಳಿ. ಚಂದ್ರ ಇನ್ನೂ ಬೆಳೆದಂತೆ ಅದರಿಂದ ಪಶ್ಚಿಮಕ್ಕೆ ಎರಡು ಬಿಳಿಯ ಗೆರೆಗಳು ಬಾಲದಂತೆ ಹೊರಟಿರುವುದೂ ಕಾಣತೊಡಗುತ್ತದೆ. ನೆಲವನ್ನು ಸವರಿಕೊಂಡು ಬಂದ ಕಲ್ಲಿನ ಗುರುತು ಅದು. ನೂರರಲ್ಲಿ ಆ ಏಳರ ಪೈಕಿ ಒಂದು, ನಮ್ಮ ಪರಾತದಲ್ಲಿ ಆ ಹುಡುಗ ಬೀಸಿ ಎಸೆದ ಗೋಲಿಯ ಗೀರಿನಂಥದೇ. ಭಾದ್ರಪದದ ಚೌತಿಯಂದು ಚಂದ್ರನನ್ನು ನೋಡಲು ಹಿಂಜರಿಯುವವರು ಅದೊಂದನ್ನು ಬಿಟ್ಟುಬಿಡಲಿ. ವರ್ಷದಲ್ಲಿ ಉಳಿದ ಹನ್ನೊಂದು ಚೌತಿಗಳುಂಟು.